ಒಂದು ವರ್ಷದ ಗೋಡೆ

ಮಾರ್ಚ್ 2, ಸೋಮವಾರ

ಅಪ್ಪಾ, ಗೋಡೆಯ ಆಚೆಯಿಂದ ಉತ್ತರ ಬಂತು!

ಇರಿ, ಇರಿ. ಮೊದಲು ನಮಸ್ಕಾರ, ಆಮೇಲೆ ಕ್ಷೇಮ, ಆಮೇಲೆ ವಿಷಯ ಅಂತ ನೀವು ಕಲಿಸಿದ್ದು ನೆನಪಿದೆ. ನಿಮಗೂ ಅಮ್ಮನಿಗೂ ನಮಸ್ಕಾರ. ನಾನು ಕ್ಷೇಮ. ಕ್ಷೇಮ ಅನ್ನುವುದು ತೀರಾ ಸಣ್ಣ ಮಾತಾಯಿತು. ಮದುವೆಯಾಗಿ ಇಪ್ಪತ್ತಾರು ದಿನ, ಇಪ್ಪತ್ತಾರು ದಿನವೂ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ನಿನ್ನೆ ನಿಮ್ಮ ಅಳಿಯ ಅಂಟಿನ ಕೈಯಲ್ಲೇ ನನ್ನ ಜಡೆ ಹಿಡಿದೆಳೆದರು. ಕೈ ಅಲ್ಲೇ ಕಚ್ಚಿಕೊಂಡಿತು. ಅತ್ತೆ ಬಿಸಿನೀರು ಹಾಕಿ ಬಿಡಿಸುತ್ತಾ, "ಇಷ್ಟು ದಿನ ಅಂಟಿಕೊಂಡಿದ್ದು ಸಾಲಲಿಲ್ವೇನೋ ನಿಂಗೆ?" ಅಂದರು. ಈ ಪ್ಯಾರಾ ಅಮ್ಮನಿಗೆ ಓದಿ ಹೇಳಬೇಡಿ.

ಈಗ ಗೋಡೆ. ಮದುವೆಗೆ ಮೊದಲು ಮನೆ ನೋಡಲು ಬಂದಾಗ ನೀವು ಅದಕ್ಕೇ ಮುಖ ಮಾಡಿ ಕೂತಿದ್ದಿರಂತೆ. "ನಿಮ್ಮಪ್ಪ ತುಟಿ ಬಿಚ್ಚಲಿಲ್ಲ ಕಣೇ, ಗೋಡೆ ನೋಡ್ತಾ ನೋಡ್ತಾ ಟೀ ಆರಿಸಿಬಿಟ್ರು" ಅಂತ ಅತ್ತೆ ಇವತ್ತಿಗೂ ನಗುತ್ತಾರೆ. ಇದು ಮೊದಲು ಒಂದೇ ಮನೆಯಾಗಿತ್ತಂತೆ. ಇಪ್ಪತ್ತೆರಡು ವರ್ಷದ ಹಿಂದೆ ಮಾವ ಮತ್ತು ಅವರ ತಮ್ಮ ಜಗಳವಾಡಿ ಪಾಲಾದಾಗ, ನಡುಮನೆಯನ್ನು ಉದ್ದಕ್ಕೆ ಸೀಳಿ ಈ ಗೋಡೆ ಎಬ್ಬಿಸಿದರಂತೆ. ಆಗ ನಿಮ್ಮ ಅಳಿಯನಿಗೆ ಐದು ವರ್ಷ. ಇವರ ಬುಗುರಿ ಆ ಕಡೆ ಉಳಿದುಹೋಯಿತಂತೆ. ಅದನ್ನು ಹೇಳುವಾಗ ಇಷ್ಟು ದೊಡ್ಡ ಗಂಡಸು ಮುಖ ಸಣ್ಣಗೆ ಮಾಡಿಕೊಳ್ಳುವುದನ್ನು ನೀವು ನೋಡಬೇಕು!

ಎರಡೂ ಕಡೆಯವರು ಪುಸ್ತಕ ಬೈಂಡಿಂಗ್ ಮಾಡುವವರೇ. ಪಾಲಿನಲ್ಲಿ ಕಟಿಂಗ್ ಮಷೀನು ಈ ಕಡೆಗೆ ಬಂತು, ಹೊಲಿಗೆಯ ಚೌಕಟ್ಟು ಆ ಕಡೆಗೆ ಹೋಯಿತು. ಹಾಗಾಗಿ ಗಿರಾಕಿಗಳು ಮೊದಲು ಆ ಬಾಗಿಲಿಗೆ ಹೋಗಿ ಪುಸ್ತಕ ಹೊಲಿಸಿಕೊಂಡು, ಬೀದಿಗಿಳಿದು, ಮೂರು ಹೆಜ್ಜೆ ನಡೆದು, ಈ ಬಾಗಿಲಲ್ಲಿ ಕತ್ತರಿಸಿ ರಟ್ಟು ಹಾಕಿಸಿಕೊಳ್ಳಬೇಕು. ಈ ಊರಿನ ಪ್ರತಿಯೊಂದು ಪುಸ್ತಕವೂ ಎರಡೂ ಮನೆ ಹೊಕ್ಕು ಬಂದದ್ದು, ಅಣ್ಣ ತಮ್ಮ ಮಾತ್ರ ಹೊಕ್ಕಿಲ್ಲ. ಆ ಕಡೆಯಿಂದ ಬರುವ ಪ್ರತಿ ಕಟ್ಟಿನ ಮೇಲೂ ಒಂದು ಚೀಟಿ ಇರುತ್ತದೆ. "ಅಂಚು ಅರ್ಧ ಇಂಚು." ಅಷ್ಟೇ. ಮಾವ ಓದಿ, ಹಲ್ಲು ಕಚ್ಚಿ, ಚೀಟಿ ಮುದುರಿ ಎಸೆಯುತ್ತಾರೆ. ಜಗಳ ಯಾತಕ್ಕೆ ಅಂದರೆ "ಬಿಡಮ್ಮ, ಅದು ದೊಡ್ಡವರ ವಿಷಯ" ಅನ್ನುತ್ತಾರೆ.

ಎರಡು ತಿಂಗಳಿಂದ ಆ ಕಡೆಯ ಚಿಕ್ಕಮಾವ ಹಾಸಿಗೆ ಹಿಡಿದಿದ್ದಾರೆ. ಮಂಚ ಗೋಡೆಗೇ ಒತ್ತಿಕೊಂಡಿದೆ, ಕೆಮ್ಮಿದರೆ ನಮ್ಮ ಊಟದ ತಟ್ಟೆಯವರೆಗೂ ಕೇಳಿಸುತ್ತದೆ. ಇವತ್ತು ಮಧ್ಯಾಹ್ನ ಯಾರೂ ಇಲ್ಲದಾಗ ಗೋಡೆಗೆ ಸುಮ್ಮನೆ ಎರಡು ಸಲ ತಟ್ಟಿದೆ. ಕೆಮ್ಮು ನಿಂತಿತು. ಆಮೇಲೆ ಆ ಕಡೆಯಿಂದ ಟಕ್, ಟಕ್. ಅಪ್ಪಾ, ನನಗೆ ಅಳುವೇ ಬಂತು.

ಅಂದ ಹಾಗೆ, ಇಲ್ಲಿ ನಿಮಗೆ ಎಲ್ಲರೂ "ಕಂಟ್ರಾಕ್ಟರ್ ಬೀಗರು" ಅನ್ನುತ್ತಾರೆ. ನಾನೇ ಹಾಗೆ ಹೇಳಿದ್ದು. ಎಷ್ಟೊಂದು ಮನೆ ಕಟ್ಟಿದ್ದೀರಿ, ಪೂರ್ತಿ ಸುಳ್ಳೇನಲ್ಲ, ಅಲ್ಲವಾ?

ನಿಮ್ಮ ಚಿನಕುರಳಿ

ಮಾರ್ಚ್ 6, ಶುಕ್ರವಾರ

ಚಿನಕುರಳಿಗೆ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ಅಮ್ಮನಿಗೆ ಓದಿ ಹೇಳಿದೆ. ಅಂಟಿನ ಪ್ಯಾರಾ ಬಿಟ್ಟೇ ಓದಿದೆ. ಆದರೆ ಅದರ ಹತ್ತಿರ ಬಂದಾಗ ನನಗೇ ನಗು ಬಂದದ್ದರಿಂದ ಅವಳು ಬಿಡಲಿಲ್ಲ, ಅದನ್ನೂ ಓದಬೇಕಾಯಿತು. "ಸದ್ಯ, ಅಳಿಯ ಕಲ್ಲುಗುಂಡಲ್ಲ" ಅಂದಳು.

ಆ ಗೋಡೆಗೆ ಮೊಳೆ ಹೊಡೆಯಬೇಡಿ. ಮದುವೆಯ ಫೋಟೋ ಹಾಕುವುದಿದ್ದರೆ ಎದುರು ಗೋಡೆಗೆ ಹಾಕಿ.

ಗೋಡೆ ಸೂರಿಗೆ ಸೇರುವ ಕಡೆ ಬಿರುಕು ಇದೆಯೇ? ಇದ್ದರೆ ಅದರಲ್ಲಿ ಬೆರಳು ಹೋಗುತ್ತದೆಯೋ, ಉಗುರು ಮಾತ್ರ ಹೋಗುತ್ತದೆಯೋ? ಎರಡು ತುದಿಯಲ್ಲಿ ಹೇಗಿದೆ, ನಡುವೆ ಹೇಗಿದೆ? ಬೀದಿ ಕಡೆಯ ತುದಿಯಲ್ಲಿದ್ದ ಗೂಡು ಈಗಲೂ ಇದೆಯೇ? ಸುಮ್ಮನೆ ಕೇಳಿದೆ. ಸ್ಟೂಲು ಹತ್ತುವಾಗ ಅಳಿಯಂದಿರು ಹಿಡಿದುಕೊಳ್ಳಲಿ.

ಆ ಹಿರಿಯರ ಮಂಚ ಗೋಡೆಗೆ ಒತ್ತಿ ಇರುವುದು ಒಳ್ಳೆಯದಲ್ಲ. ಗೋಡೆ ತಂಪು, ಕೆಮ್ಮು ಹೆಚ್ಚುತ್ತದೆ. ಯಾರ ಕೈಲಾದರೂ ಹೇಳಿಸು.

ಕಂಟ್ರಾಕ್ಟರ್ ಅಂದಿದ್ದಕ್ಕೆ ಬೇಸರವಿಲ್ಲ. ಹಾಗೇ ಇರಲಿ.

ಇಲ್ಲಿ ಶಾಲೆಯೊಂದರ ಕಾಂಪೌಂಡ್ ಗೋಡೆ ಕೆಲಸ ನಡೆದಿದೆ.

ಇತಿ, ಅಪ್ಪ

ಮಾರ್ಚ್ 10, ಮಂಗಳವಾರ

ಅಪ್ಪಾ, ನೀವು ಇರುವುದೇ ಹೀಗೆ! ಮಗಳು ಹೃದಯ ಬಿಚ್ಚಿ ಬರೆದರೆ ಬಿರುಕಿನಲ್ಲಿ ಬೆರಳು ಹೋಗುತ್ತದಾ ಅಂತ ಕೇಳುತ್ತೀರಿ. ಆದರೂ ನೋಡಿದೆ. ಎರಡು ತುದಿಯಲ್ಲಿ ನನ್ನ ಕಿರುಬೆರಳು ಹೋಗುತ್ತದೆ. ನಡುವೆ ಉಗುರೂ ಹೋಗುವುದಿಲ್ಲ, ಸೂರು ಗೋಡೆಯ ಮೇಲೆ ಕೂತುಬಿಟ್ಟಿದೆ. ಗೂಡು ಇದೆ, ಅದರ ಅರ್ಧ ಮಾತ್ರ ನಮ್ಮ ಕಡೆಗೆ ಬಂದಿದೆ. ಆದರೆ ಅದರ ಮುಂದೆ ರಟ್ಟಿನ ಅಟ್ಟಿ ಆಳೆತ್ತರ ನಿಂತಿದೆಯಲ್ಲ, ನಿಮಗೆ ಹೇಗೆ ಕಂಡಿತು? ಒಂದು ಟೀ ಆರುವಷ್ಟರಲ್ಲಿ! ಇವರಿಗೆ ಹೇಳಿದೆ, "ನೋಡಿ, ನಮ್ಮಪ್ಪನ ಕಣ್ಣು ರಟ್ಟು ತೂರಿ ನೋಡುತ್ತೆ."

ಈಗ ನಿಜವಾದ ಸುದ್ದಿ. ಕೂತುಕೊಂಡು ಓದಿ. ನಾವು ಗೋಡೆಯಲ್ಲಿ ಬಾಗಿಲು ತೆಗೆಯುತ್ತಿದ್ದೇವೆ!

ಹೋದ ವಾರ ಒಂದು ವಿಷಯ ಗೊತ್ತಾಯಿತು. ಮಾವ ಊಟವಾದ ಮೇಲೆ ಗೋಡೆಗೊರಗಿ ಕೂರುತ್ತಾರೆ, ದಿನವೂ ಒಂದೇ ಜಾಗ, ನಟ್ಟನಡುವೆ. ಹೊಲಿದ ಪುಸ್ತಕ ತಂದ ಮೇಷ್ಟ್ರೊಬ್ಬರು ಹೇಳಿದರು, ಆ ಕಡೆ ಚಿಕ್ಕಮಾವನ ಮಂಚ ಇರುವುದೂ ಅಲ್ಲೇ ಅಂತೆ. ಒಂದೇ ಗೋಡೆ, ಎರಡು ಬೆನ್ನು! ಮೇಷ್ಟ್ರು ಇನ್ನೊಂದು ಮಾತು ಹೇಳಿದರು. "ಡಾಕ್ಟರು ನಿಮ್ಮ ಚಿಕ್ಕತ್ತೇನ ಹೊರಗೆ ಕರೆದು ಮಾತಾಡಿದ್ರಮ್ಮ. ಮುಖ ನೋಡಿದ್ರೆ ಹೆಚ್ಚು ದಿನ ಇರೋ ಹಂಗೆ ಕಾಣ್ಲಿಲ್ಲ." ನಾನು ಮಾವನ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ಮಾವ, ಒಂದ್ಸಲ ಹೋಗಿ ನೋಡಬಾರ್ದಾ?"

"ಅವನು ಕರೀಲಿ, ಹೋಗ್ತೀನಿ."

ಆ ಕಡೆಯ ಉತ್ತರವನ್ನೂ ಮೇಷ್ಟ್ರೇ ತಂದುಕೊಟ್ಟರು: "ದೊಡ್ಡವನು ಅವನು, ಕರೀದೆ ಬರಬೇಕು." ಹೇಗಿದೆ? ಮೂರು ಹೆಜ್ಜೆಯ ಬೀದಿ ಇವರಿಗೆ ಸಮುದ್ರವಾಗಿದೆ. ಬೀದಿಗೆ ಇಳಿಯದೆ ಹೋಗುವ ದಾರಿಯಿದ್ದರೆ ಯಾರೂ ಸೋತ ಹಾಗಾಗುವುದಿಲ್ಲ. ಅದಕ್ಕೇ ಬಾಗಿಲು.

ಶುಕ್ರವಾರ, ಇಪ್ಪತ್ತನೇ ತಾರೀಖು ಮಾವ, ಅತ್ತೆ ಇಬ್ಬರೂ ಅತ್ತೆಯ ಅಕ್ಕನ ಮನೆಗೆ ಹೋಗಿ ಸೋಮವಾರ ಬರುತ್ತಾರೆ. ಭಾನುವಾರ, ಇಪ್ಪತ್ತೆರಡರ ಬೆಳಿಗ್ಗೆ ನಾವಿಬ್ಬರೂ ಉಳಿ ಸುತ್ತಿಗೆ ಹಿಡಿಯುತ್ತೇವೆ. ಸರ್‌ಪ್ರೈಸ್!

ಜಾಗ ಆರಿಸಿದ್ದು ನಾನು, ನೀವು ಹೇಳಿಕೊಟ್ಟ ಹಾಗೇ. "ಬಾಗಿಲಿಗೆ ಗಟ್ಟಿ ಗೋಡೆ ಬೇಕು, ಪೊಳ್ಳು ಗೋಡೆಯಲ್ಲಿಟ್ಟರೆ ಚೌಕಟ್ಟು ಅಲ್ಲಾಡ್ತದೆ" ಅನ್ನುತ್ತಿದ್ದಿರಲ್ಲ? ಉದ್ದಕ್ಕೂ ಗೆಣ್ಣಿನಿಂದ ತಟ್ಟಿ ನೋಡಿದೆ. ಎಲ್ಲ ಕಡೆ ಬದ್ ಬದ್. ನಟ್ಟನಡುವೆ ಎರಡಡಿ ಅಗಲ ಮಾತ್ರ ಟಣ್ ಅನ್ನುತ್ತದೆ, ಬಂಡೆಯ ಹಾಗೆ. ಅಲ್ಲೇ ಪೆನ್ಸಿಲಿನಿಂದ ಗೆರೆ ಎಳೆದಿದ್ದೇವೆ. ಎರಡು ಬೆನ್ನು ಒರಗುವ ಜಾಗವೂ ಅದೇ ಅಲ್ಲವಾ. ಎಷ್ಟು ಚೆಂದ!

ಮೇಸ್ತ್ರಿ ಮಗಳು ಅಂದರೆ ಸುಮ್ಮನೆಯಾ? (ಇದನ್ನು ಇಲ್ಲಿ ಹೇಳಿಲ್ಲ, ಕಾಗದದಲ್ಲಿ ಮಾತ್ರ.)

ನಿಮ್ಮ ಚಿನಕುರಳಿ

ಮಾರ್ಚ್ 14, ಶನಿವಾರ

ಮಗಳಿಗೆ ಆಶೀರ್ವಾದ.

ಗೋಡೆಗೆ ಕೈ ಹಾಕಬೇಡಿ.

ನಿನ್ನೆ ನಿನ್ನ ಕಾಗದ ಬಂದಾಗಿನಿಂದ ನಾನು ಬರೆಯುತ್ತಿರುವ ಮೂರನೆಯ ಕಾಗದ ಇದು. ಮೊದಲಿನ ಎರಡನ್ನು ಹರಿದು ಹಾಕಿದೆ. ನಿನ್ನ ಮನಸ್ಸು ಒಳ್ಳೆಯದು. ಆದರೆ ಗೋಡೆ ಒಡೆಯುವ ಕೆಲಸ ಕಟ್ಟುವುದಕ್ಕಿಂತ ಕಷ್ಟ. ಸೂರು ಯಾವುದರ ಮೇಲೆ ನಿಂತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಬಲ್ಲ ಮೇಸ್ತ್ರಿ ನೋಡದೆ ಒಂದು ಇಟ್ಟಿಗೆಯನ್ನೂ ತೆಗೆಯಬಾರದು. ನಡುವೆಯಂತೂ ಖಂಡಿತ ಬೇಡ.

ಮಾವನನ್ನು ಕೇಳದೆ ಅವರ ಮನೆಯಲ್ಲಿ ಹೀಗೆ ಮಾಡುವುದೂ ತಪ್ಪು. ಹೊಸದಾಗಿ ಹೋದವಳು ನೀನು. ಗೋಡೆ ಕಟ್ಟಿಸಿದವರು ಇನ್ನೂ ಇದ್ದಾರೆ, ಒಡೆಯುವುದಿದ್ದರೆ ಅವರೇ ಹೇಳಲಿ.

ಹೆಚ್ಚು ಕಾರಣ ಕೇಳಬೇಡ. ಅಪ್ಪ ಹೇಳಿದ ಎಂದು ಬಿಡು. ಬಿಟ್ಟೆ ಎಂದು ಒಂದು ಸಾಲು ಬರೆದು ತಕ್ಷಣ ಅಂಚೆಗೆ ಹಾಕು.

ಇತಿ, ಅಪ್ಪ

ಮಾರ್ಚ್ 17, ಮಂಗಳವಾರ

ಅಪ್ಪಾ,

ನಿಮ್ಮ ಕಾಗದ ಬಂತು. "ಹೆಚ್ಚು ಕಾರಣ ಕೇಳಬೇಡ." ಮಾವನೂ ಇದನ್ನೇ ಅನ್ನುತ್ತಾರೆ. ಗಂಡಸರಿಗೆಲ್ಲ ಈ ಮಾತನ್ನು ಒಂದೇ ಶಾಲೆಯಲ್ಲಿ ಕಲಿಸುತ್ತಾರೇನೋ.

ಸೂರಿನ ಚಿಂತೆ ಬೇಡ. ಇವರು ಅಟ್ಟ ಹತ್ತಿ ನೋಡಿ ಬಂದಿದ್ದಾರೆ. ದೊಡ್ಡ ತೊಲೆ ಈ ಕೊನೆಯ ಗೋಡೆಯಿಂದ ಆ ಕೊನೆಯ ಗೋಡೆಗೆ ಹೋಗುತ್ತದೆ. ಸೂರಿಗೆ ಎಂಬತ್ತು ವರ್ಷ, ಈ ಗೋಡೆಗೆ ಇಪ್ಪತ್ತೆರಡು. "ಗೋಡೆ ಹುಟ್ಟೋ ಮುಂಚೆ ಸೂರು ಗಾಳೀಲಿ ತೇಲ್ತಿತ್ತಾ?" ಅಂದರು ಇವರು. ಇದಕ್ಕೆ ನಿಮ್ಮ ಹತ್ತಿರ ಉತ್ತರವಿದೆಯಾ?

ನಿಮ್ಮ ಭಯ ಸೂರಿನದ್ದಲ್ಲ ಬಿಡಿ. ಏನಾದರೂ ಎಡವಟ್ಟಾಗಿ, "ಬೀಗರು ಕಂಟ್ರಾಕ್ಟರ್ ತಾನೆ, ಬಂದು ನೋಡಲಿ" ಅಂತ ಮಾವ ಕರೆಸಿದರೆ ಗುಟ್ಟು ರಟ್ಟಾಗುತ್ತದೆ ಅಂತ ತಾನೆ? ಬರೆದುಬಿಡಬಹುದಿತ್ತು. ನೀವು ಯಾವತ್ತೂ ಬಿಚ್ಚಿ ಹೇಳಿದವರೇ ಅಲ್ಲ. ನನ್ನ ಶಾಲೆಯಲ್ಲಿ ನಾಟಕವಾಗಲಿ, ಬಹುಮಾನವಾಗಲಿ, ಉಳಿದವರ ಅಪ್ಪಂದಿರು ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದರು. ನೀವು ಗೇಟಿನ ಹೊರಗೆ, ಮರದ ಕೆಳಗೆ. ಅಷ್ಟು ವರ್ಷ! ಒಂದು ದಿನವಾದರೂ ಒಳಗೆ ಬಂದಿರಾ? ನಾನು ಇಂಗ್ಲಿಷಿನಲ್ಲಿ ಪದ್ಯ ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಓಡಿ ಬಂದರೆ "ಆಯ್ತಾ? ನಡಿ" ಅನ್ನುತ್ತಿದ್ದಿರಿ. ಜೀವನವಿಡೀ ಗೋಡೆ ಕಟ್ಟಿದವರಿಗೆ ಒಡೆಯುವುದರ ಸುಖ ಹೇಗೆ ಗೊತ್ತಾಗಬೇಕು?

ಇದನ್ನು ಬರೆದು ಒಂದು ಗಂಟೆ ಸುಮ್ಮನೆ ಕೂತಿದ್ದೆ. ಹರಿದು ಹಾಕೋಣ ಅನ್ನಿಸಿತು. ಹಾಕುವುದಿಲ್ಲ.

ನಿನ್ನೆ ಎರಡು ಸಲ ತಟ್ಟಿದೆ, ಆ ಕಡೆಯಿಂದ ಒಂದೇ ಬಂತು. ಬಹಳ ಹೊತ್ತಿನ ಮೇಲೆ ಬಂತು. ಇನ್ನು ಕಾಯುವ ಹಾಗಿಲ್ಲ ಅಪ್ಪಾ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು.

ನಿಮ್ಮ ಮಗಳು

ಮಾರ್ಚ್ 21, ಶನಿವಾರ

ಮಗಳೇ,

ನಿನ್ನ ಕಾಗದ ಇವತ್ತು ಹನ್ನೊಂದು ಗಂಟೆಗೆ ಕೈಸೇರಿತು. ನಿಮ್ಮ ಊರಿಗೆ ಹೋಗುವ ರೈಲು ಬೆಳಿಗ್ಗೆ ಏಳಕ್ಕೇ ಹೋಗಿತ್ತು. ನಾಳೆಯದು ಹತ್ತಿದರೆ ಸಂಜೆಗೆ ತಲುಪುತ್ತೇನೆ. ಅಷ್ಟರಲ್ಲಿ ಒಂಬತ್ತು ಗಂಟೆ ಕಳೆದಿರುತ್ತದೆ. ಕೈಯಲ್ಲಿದ್ದ ಕರಣೆ ಹಾಗೇ ಬಿಟ್ಟು ಓಡಿಹೋಗಿ ತಂತಿ ಕೊಟ್ಟು ಬಂದೆ. "ಗೋಡೆ ಮುಟ್ಟಬೇಡಿ. ಮಂಚ ಸರಿಸಿ." ಯಾರ ಹೆಸರು ಹಾಕಲಿ ಎಂದು ಗುಮಾಸ್ತ ಕೇಳಿದ. ಮೇಸ್ತ್ರಿ ಎಂದು ಬಾಯಿಗೆ ಬಂತು, ಹಾಗೇ ಬರೆದುಕೊಂಡ. ಸಂಜೆಯೊಳಗೆ ನಿಮ್ಮ ಬಾಗಿಲಿಗೆ ಬರುತ್ತದೆ ಎಂದಿದ್ದಾನೆ. ಅದು ಬಂದಿರುತ್ತದೆ ಎಂದು ನಂಬಿ ಈ ಕಾಗದ ಬರೆಯುತ್ತಿದ್ದೇನೆ. ಬರದಿದ್ದರೆ ಇದನ್ನು ಯಾರು ಓದುತ್ತಾರೋ ಗೊತ್ತಿಲ್ಲ.

ಆ ಗೋಡೆ ಕಟ್ಟಿದವನು ನಾನು.

ಆಗ ನೀನು ಹುಟ್ಟಿರಲಿಲ್ಲ, ಅಮ್ಮನಿಗೆ ಏಳನೇ ತಿಂಗಳು. ಕೆಲಸ ಹುಡುಕಿಕೊಂಡು ಆ ಊರಿಗೆ ಬಂದಿದ್ದೆ. ನಾನು ಹೋದಾಗ ನಡುಮನೆಯಲ್ಲಿ ಪುಸ್ತಕಗಳ ದೊಡ್ಡ ರಾಶಿ ಬಿದ್ದಿತ್ತು. ಪ್ರತಿ ಹಾಳೆಯ ಅಂಚಿನಲ್ಲೂ ಅಕ್ಷರಗಳು ಅರ್ಧ ಕತ್ತರಿಸಿಹೋಗಿದ್ದವು. "ನೀನು ಸೊಟ್ಟ ಹೊಲಿದೆ" ಎಂದು ಅಣ್ಣ, "ನೀನು ಅರ್ಧ ಇಂಚು ಹೆಚ್ಚು ಕತ್ತರಿಸಿದೆ" ಎಂದು ತಮ್ಮ. ಜಗಳ ಅಷ್ಟೇ. ಮೂರು ದಿನ ನಾನು ಇಟ್ಟಿಗೆ ಇಡುವಾಗಲೂ ಅದೇ ಮಾತು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನನ್ನ ತಲೆಯ ಮೇಲೆ ಹಾದುಹೋಗುತ್ತಿತ್ತು. ಗೋಡೆ ಎತ್ತರವಾದಂತೆ ಕೂಗಿ ಆಡುತ್ತಿದ್ದರು.

ಅವರ ತಾಯಿ ಇದ್ದರು. ಮೊದಲನೇ ದಿನ ನಾನು ಗಾರೆ ಕಲಸುವಾಗ ಹತ್ತಿರ ಬಂದು ಕೂತರು. ಮೆಲ್ಲಗೆ, "ಸಿಮೆಂಟು ಬೇಡ ಮೇಸ್ತ್ರಿ, ಮಣ್ಣಲ್ಲಿ ಕಟ್ಟು. ಮೇಲೆ ತೆಳ್ಳಗೆ ಗಿಲಾವು ಬಳಿ. ಒಂದು ವರ್ಷ ತಡಿ, ಇವ್ರೇ ಒದ್ದು ಬೀಳಿಸ್ತಾರೆ" ಎಂದರು. ನಾನು ಹಾಗೇ ಕಟ್ಟಿದೆ. ಪಕ್ಕದ ಗೋಡೆಗಳಿಗೆ ಇಟ್ಟಿಗೆ ಹೆಣೆದು ಕಚ್ಚು ಕೊಡಲಿಲ್ಲ. ಬೀಳುವುದಕ್ಕೆಂದೇ ಕಟ್ಟಿದ ಗೋಡೆ ಅದು. ಆ ತಾಯಿ ವರ್ಷ ತುಂಬುವ ಮೊದಲೇ ಹೋದರೆಂದು ಆಮೇಲೆ ಕೇಳಿದೆ.

ಆದರೆ ನಟ್ಟನಡುವೆ ಒಂದು ಮರದ ಕಂಬವಿತ್ತು. ದೊಡ್ಡ ತೊಲೆಯ ಭಾರವೆಲ್ಲ ಅದರ ಮೇಲೆ. ಅಳಿಯಂದಿರ ಪ್ರಶ್ನೆಗೆ ಉತ್ತರ ಇದೇ. ಕಂಬ ಯಾರ ಪಾಲು ಎಂದು ಮತ್ತೆ ಜಗಳವಾಯಿತು. ಕೊನೆಗೆ ಇಬ್ಬರಿಗೂ ಬೇಡ ಎಂದು ಕೊಯ್ದು ತೆಗೆಸಿದರು. ತೊಲೆ ಇಳಿಯುತ್ತದೆ ಎಂದೆ. "ನಿನ್ನ ಕೆಲಸ ಗೋಡೆ ಕಟ್ಟೋದು. ಹೇಳಿದಷ್ಟು ಮಾಡು" ಎಂದರು ನಿನ್ನ ಮಾವ. ಕಂಬವಿದ್ದ ಕಡೆ ಎರಡಡಿ ಅಗಲ ಸಿಮೆಂಟಿನಲ್ಲಿ ಗಟ್ಟಿಯಾಗಿ ಕಟ್ಟಿ ತೊಲೆಗೆ ಆಸರೆ ಕೊಟ್ಟೆ. ಯಾರಿಗೂ ಹೇಳಲಿಲ್ಲ. ನೀನು ತಟ್ಟಿ ಆರಿಸಿದ್ದು ಅದನ್ನೇ. ಅದನ್ನು ಒಡೆದರೆ ತೊಲೆ ಬೀಳುವುದು ಕೆಳಗಿರುವವರ ಮೇಲೆ. ಈ ಕಡೆ ನೀವಿಬ್ಬರು, ಆ ಕಡೆ ಆ ಕಾಯಿಲೆಯವರು.

ಇದನ್ನು ಹದಿನಾಲ್ಕರಂದೇ ಬರೆಯಬೇಕಿತ್ತು. ಹರಿದ ಎರಡು ಕಾಗದಗಳಲ್ಲಿ ಬರೆದಿದ್ದೆ. ಮನೆ ನೋಡಲು ಬಂದಾಗ ನಿನ್ನ ಮಾವ ನನ್ನ ಗುರುತು ಹಿಡಿಯಲಿಲ್ಲ. ಬೀಗರೇ ಎಂದು ಕುರ್ಚಿ ಹಾಕಿದರು. ಅದೇ ಮನೆಯ ಹೊರಗಿನ ಮೆಟ್ಟಿಲ ಮೇಲೆ ಹಿಂದೆ ನಾನು ಕೂತು ಉಂಡವನು. ಆ ಕುರ್ಚಿಯ ಮರ್ಯಾದೆ ನಿನಗೆ ತಪ್ಪಬಾರದು ಎಂದು ಸುಮ್ಮನಾದೆ. ನಾಚಿಕೆಗೆ ನಿನ್ನ ಜೀವ ಅಡ ಇಟ್ಟೆ. ಇದಕ್ಕಿಂತ ದೊಡ್ಡ ತಪ್ಪು ನಾನು ಮಾಡಿಲ್ಲ.

ಶಾಲೆಯ ವಿಷಯ. ನೀನು ಐದನೇ ಕ್ಲಾಸಿನಲ್ಲಿದ್ದಾಗ, "ಅಪ್ಪ, ಬಟ್ಟೆಯೆಲ್ಲ ಸಿಮೆಂಟು, ನೀವು ಮರದ ಹತ್ರ ನಿಂತ್ಕೊಳ್ಳಿ" ಎಂದಿದ್ದೆ. ನಿನಗೆ ಮರೆತಿರಬೇಕು. ಮಕ್ಕಳ ಮಾತು, ನನಗೆ ಬೇಸರವಿಲ್ಲ. ಬಟ್ಟೆ ಸಿಮೆಂಟಾಗಿದ್ದದ್ದೂ ನಿಜ. ಮರದ ಹತ್ತಿರಕ್ಕೆ ಪದ್ಯ ಕೇಳಿಸುತ್ತಿತ್ತು. ಅರ್ಥವಾಗುತ್ತಿರಲಿಲ್ಲ, ಧ್ವನಿ ನಿನ್ನದೆಂದು ಗೊತ್ತಾಗುತ್ತಿತ್ತು.

ತಂತಿ ಬಂದಿರಲಿ.

ಅಪ್ಪ

ಮಾರ್ಚ್ 24, ಮಂಗಳವಾರ

ಅಪ್ಪಾ,

"ಎಲ್ಲರೂ ಕ್ಷೇಮ" ಅಂತ ಭಾನುವಾರವೇ ಕೊಟ್ಟ ನನ್ನ ತಂತಿ ನಿಮಗೆ ಸಿಕ್ಕಿದೆ ಅಂದುಕೊಂಡಿದ್ದೇನೆ. ನಿಮ್ಮ ಕಾಗದ ಇವತ್ತು ಬಂತು. ನಾಲ್ಕು ಸಲ ಓದಿದ್ದೇನೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿಮ್ಮ ತಂತಿ ನಮಗೆ ಬರಲಿಲ್ಲ. ಈ ಮನೆಗೆ ಬಾಗಿಲು ಎರಡು, ನಂಬರು ಒಂದೇ. ತಂತಿಯವನು ಹೊಸಬ, ಆ ಬಾಗಿಲಿಗೆ ಕೊಟ್ಟು ಹೋದ. ಚಿಕ್ಕತ್ತೆ ಒಡೆದು ಓದಿದರು: ಗೋಡೆ ಮುಟ್ಟಬೇಡಿ, ಮಂಚ ಸರಿಸಿ. ಮಾವನೇ ಊರಿಂದ ಕಳಿಸಿದ್ದಾರೆ ಅಂದುಕೊಂಡರಂತೆ. "ಕಾಯಿಲೆಯವರ ಮಂಚಾನೂ ತನ್ನ ಗೋಡೆಗೆ ತಾಗಬಾರದೇನೋ ಇವನಿಗೆ!" ಅಂತ ಬೈದು, ಗೂಡಿನ ತಮ್ಮ ಕಡೆಯ ಅರ್ಧದಲ್ಲಿ ತುರುಕಿ, ಗಂಡನಿಗೆ ಹೇಳದೆ ಮಲಗಿದರಂತೆ.

ಭಾನುವಾರ ಒಂಬತ್ತಕ್ಕೆ ನಾವು ಶುರು ಮಾಡಿದೆವು. ನಾನೇ ಮೊದಲು ಎರಡು ಸಲ ತಟ್ಟಿದೆ, ಬರುತ್ತಿದ್ದೇವೆ ಅನ್ನುವ ಹಾಗೆ. ಇವರು ಉಳಿ ಇಟ್ಟು ಹೊಡೆದರು. ಗಿಲಾವು ಉದುರಿತು. ಒಳಗೆ ಎಷ್ಟು ಗಟ್ಟಿ ಅಂದರೆ ಮೊದಲ ಇಟ್ಟಿಗೆ ಬರಲು ಅರ್ಧ ಗಂಟೆ ಹಿಡಿಯಿತು. ಎರಡನೆಯದು. ಮೂರನೆಯದು. ಅಷ್ಟರಲ್ಲಿ ಆ ಕಡೆಯಿಂದ ತಟ್ಟುವುದು ಕೇಳಿಸಿತು. ಎರಡಲ್ಲ, ಮೂರಲ್ಲ, ಬಿಡದೆ ಟಕಟಕಟಕ ಅಂತ. ಅಪ್ಪಾ, ನಾನು ಕುಣಿದಾಡಿದೆ. "ಎಷ್ಟು ಖುಷಿ ನೋಡಿ ಅವರಿಗೆ! ಬೇಗ ಹೊಡೀರಿ, ಬೇಗ!" ಅಂದೆ. ನಾಲ್ಕನೆಯ ಇಟ್ಟಿಗೆ ಬಂತು. ತಲೆಯ ಮೇಲೆ ಏನೋ ಕಿರ್ರ್ ಅಂದಿತು. ಇಲಿ ಅಂದುಕೊಂಡೆ.

ಆ ಕಡೆ ನಡೆದದ್ದು ಬೇರೆ. ಮೂರನೆಯ ಇಟ್ಟಿಗೆ ಅಲುಗಿ ಕಂಬಳಿಯ ಮೇಲೆ ದೂಳು ಬಿದ್ದಾಗ ಚಿಕ್ಕಮಾವ "ಏನಿದು?" ಅಂದರಂತೆ. ಆಗ ಚಿಕ್ಕತ್ತೆ ತಂತಿಯ ವಿಷಯ ಹೇಳಿದರಂತೆ. "ನಿಮ್ಮಣ್ಣನ ತಂತಿ ಬಂದಿತ್ತು. ಹೆಸರಿನ ಜಾಗದಲ್ಲಿ ಅದ್ಯಾರೋ ಮೇಸ್ತ್ರಿ ಅಂತಿದೆ." ಅವರು ಎದ್ದು ಕೂತುಬಿಟ್ಟರಂತೆ. "ಆ ಮೇಸ್ತ್ರಿ! ಕಂಬ ತೆಗೀಬೇಡಿ ಅಂದಿದ್ದ. ಒಡೀತಿದಾರೆ, ಹೋಗಿ ನಿಲ್ಸು!" ಅಂದು, ಎದ್ದು ನಿಲ್ಲಲಾಗದೆ ಗೋಡೆಗೆ ಬಡಿಯತೊಡಗಿದ್ದರು. ನಾನು ಖುಷಿ ಅಂದುಕೊಂಡದ್ದು ಅದು.

ಚಿಕ್ಕತ್ತೆ ಬೀದಿಗಿಳಿದು, ಮೂರು ಹೆಜ್ಜೆ ಓಡಿ, ನಮ್ಮ ಬಾಗಿಲು ತಳ್ಳಿಕೊಂಡು ಬಂದರು. ಕಾಲಿಗೆ ಚಪ್ಪಲಿಯಿಲ್ಲ, ಕೂದಲು ಬಿಚ್ಚಿತ್ತು, ಕೈಯಲ್ಲಿ ತಂತಿ. ಐದನೆಯ ಇಟ್ಟಿಗೆಗೆ ಉಳಿ ಇಟ್ಟಿದ್ದ ಇವರ ರಟ್ಟೆ ಹಿಡಿದು ಎಳೆದರು. "ನಿಲ್ಸೋ! ಸಾಯ್ತೀಯಾ, ಮುಠ್ಠಾಳ!" ಇಪ್ಪತ್ತೆರಡು ವರ್ಷದ ಮೇಲೆ ಆ ಬಾಯಿಂದ ಈ ಮನೆಯಲ್ಲಿ ಬಂದ ಮೊದಲ ಮಾತು ಅದು. ಇವರು ಓಡಿಹೋಗಿ ಕರೆತಂದ ಬೀದಿ ಕೊನೆಯ ಬಡಗಿ ಎರಡು ದಪ್ಪ ಮರ ತಂದು ತೊಲೆಗೆ ಆನಿಸಿ ನಿಲ್ಲಿಸಿದ. ತೊಲೆ ಒಂದು ಬೆರಳು ಇಳಿದಿದೆ ಅಂದ. ಇನ್ನೊಂದು ಇಟ್ಟಿಗೆ ಬಂದಿದ್ದರೆ ಅಂತ ಕೇಳಿದೆ. ಅವನು ನನಗೆ ನೀರು ಕುಡಿಸಲು ಹೇಳಿದ. ನಾವು ಆ ಕಡೆ ಹೋಗಿ ಚಿಕ್ಕಮಾವನನ್ನು ಮಂಚದ ಸಮೇತ ಒಳಕೋಣೆಗೆ ಸರಿಸಿದೆವು. ಗೂಡಿನಲ್ಲಿ, ತಂತಿಯಿದ್ದ ಜಾಗದ ಹಿಂದೆ, ಇವರ ಬುಗುರಿ ಇತ್ತು. ಚಿಕ್ಕತ್ತೆ ವಾರಕ್ಕೊಮ್ಮೆ ದೂಳು ಒರೆಸುತ್ತಿದ್ದರಂತೆ. ಇವರು ಅದನ್ನು ಜೇಬಿಗೆ ಹಾಕಿಕೊಂಡರು.

ನಿನ್ನೆ ಮಾವ ಬಂದರು. ಮನೆಯೊಳಗೆ ಎರಡು ಮರ ನಿಂತಿದ್ದನ್ನು ನೋಡಿ ಕೂಗಾಡಿದರು. ನನ್ನನ್ನಲ್ಲ, ಇವರನ್ನು. ಇವತ್ತು ನಿಮ್ಮ ಕಾಗದ ಬಂದ ಮೇಲೆ ನಾನು ಎದುರು ನಿಂತು, "ಮಾವ, ನಮ್ಮಪ್ಪ ಕಂಟ್ರಾಕ್ಟರ್ ಅಲ್ಲ. ಗಾರೆ ಮೇಸ್ತ್ರಿ. ಈ ಗೋಡೆ ಕಟ್ಟಿದ್ದು ಅವ್ರೇ. ನಾನು ಸುಳ್ಳು ಹೇಳಿದ್ದೆ" ಅಂದೆ. ಕಾಗದವನ್ನು ಗಟ್ಟಿಯಾಗಿ ಓದಿದೆ. ಶಾಲೆಯ ಪ್ಯಾರಾವನ್ನೂ ಓದಿದೆ. ಅಲ್ಲಿಗೆ ಬಂದಾಗ ಅಕ್ಷರ ಕಾಣಲಿಲ್ಲ, ಅತ್ತೆ ಮುಂದೆ ಓದಿದರು.

ನನಗೆ ಮರೆತಿರಲಿಲ್ಲ ಅಪ್ಪಾ. ಐದನೇ ಕ್ಲಾಸಿನ ಆ ದಿನ, ಆ ಮರ, ನಾನು ಆಡಿದ ಮಾತು, ಎಲ್ಲ ನೆನಪಿತ್ತು. ನಿಮಗೆ ಮರೆತಿರಲಿ ಅಂತ ಆಸೆಪಟ್ಟು ತಪ್ಪನ್ನು 17ರ ಕಾಗದದಲ್ಲಿ ನಿಮ್ಮ ತಲೆಗೇ ಕಟ್ಟಿದೆ.

ಮಾವ, "ಎದುರಿಗೆ ಕೂರಿಸ್ಕೊಂಡು ಟೀ ಕೊಟ್ಟೆ. ಗುರುತೇ ಸಿಗ್ಲಿಲ್ಲ. ಆಗ ಮುಖ ನೋಡಿದ್ರೆ ತಾನೇ ಸಿಗೋದು" ಅಂದರು. ಎದ್ದು ರಟ್ಟು ಕೊಯ್ಯುವ ಚಾಕು ತೆಗೆದುಕೊಂಡು ಗೋಡೆಯ ತುದಿಗೆ ಹೋಗಿ ಗಿಲಾವು ಕೆರೆದರು. ಒಳಗೆ ಮಣ್ಣು. ಬೆರಳಿನಿಂದ ಉದುರಿತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು, "ಒಂದು ವರ್ಷ ಅಂದಿದ್ಲಾ ಅಮ್ಮ?" ಅಂತ ಕೇಳಿದರು. ನಾನು ತಲೆಯಾಡಿಸಿದೆ. ಕೈ ಒರೆಸಿಕೊಂಡು, ಕತ್ತರಿಸಲು ಬಂದಿದ್ದ ಕಟ್ಟೊಂದನ್ನು ಬಗಲಿಗೆ ತೆಗೆದುಕೊಂಡು ಬಾಗಿಲ ಕಡೆ ನಡೆದರು.

"ಎಲ್ಲಿಗೆ?" ಅಂದರು ಅತ್ತೆ.

"ಅಂಚು ಅರ್ಧ ಇಂಚು ಸಾಕಾ ಅಂತ ಕೇಳ್ಕೊಂಡು ಬರ್ತೀನಿ."

ಹೋಗಿ ಎರಡು ಗಂಟೆಯಾಯಿತು. ಇನ್ನೂ ಬಂದಿಲ್ಲ. ಮೊದಲು ಗೋಡೆಯ ಆಚೆ ಜೋರು ಜೋರಾಗಿ ಜಗಳ ಕೇಳಿಸುತ್ತಿತ್ತು, ಸೊಟ್ಟ ಹೊಲಿದವರು ಯಾರು ಅಂತ. ಈಗ ಏನೂ ಕೇಳಿಸುತ್ತಿಲ್ಲ. ಅತ್ತೆ ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದರು.

ಡಾಕ್ಟರು ಚಿಕ್ಕಮಾವನಿಗೆ ಹೆಚ್ಚು ದಿನ ಕೊಟ್ಟಿಲ್ಲ. ಗೋಡೆ ಅದಕ್ಕೆ ಮೊದಲೇ ಇಳಿಯಬೇಕು. ಎಲ್ಲಿ ಮಣ್ಣು, ಎಲ್ಲಿ ಸಿಮೆಂಟು ಅಂತ ಗೊತ್ತಿರುವವರು ನೀವೊಬ್ಬರೇ. ಮಣ್ಣೆಲ್ಲ ಇಳಿಸಿ, ನಡುವಿನ ಎರಡಡಿ ಉಳಿಸಿಕೊಡಿ. ಅದು ಯಾರ ಪಾಲು ಅಂತ ಈ ಸಲ ಯಾರೂ ಕೇಳುವುದಿಲ್ಲ. ಕೇಳಿದರೆ ನಾನು ನೋಡಿಕೊಳ್ಳುತ್ತೇನೆ.

ನೀವು ಒಬ್ಬರೇ ಬರುವುದು ಬೇಡ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಕರಣೆ, ತೂಕದ ಗುಂಡು ಎಲ್ಲ ಚೀಲಕ್ಕೆ ಹಾಕಿಡಿ, ಚೀಲ ನಾನು ಹೊರುತ್ತೇನೆ. ಕೆಲಸದ ಬಟ್ಟೆಯಲ್ಲೇ ಬನ್ನಿ. ಒಂದೇ ಕೋರಿಕೆ. ಸ್ಟೇಷನ್ನಿನ ಗೇಟಿನ ಹೊರಗೆ ನಿಲ್ಲಬೇಡಿ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಒಳಗೆ ಬನ್ನಿ, ಎಲ್ಲರಿಗಿಂತ ಮುಂದೆ ನಿಲ್ಲಿ, ಇಳಿಯುತ್ತಲೇ ನೀವೇ ಕಾಣಬೇಕು.

ಭಾನುವಾರ, ಮಾರ್ಚ್ 29, ಬೆಳಗಿನ ಆರೂ ಹತ್ತರ ಪ್ಯಾಸೆಂಜರ್.